ಹತ್ತು ಸೆಕೆಂಡಿನ ಒಳಗಿನವರು

ನಗರಸಭೆಯ ಪ್ರೇಕ್ಷಕರ ಗ್ಯಾಲರಿಯಲ್ಲಿ ಎಡಗಡೆಯ ಕೊನೆಯ ಕುರ್ಚಿಯ ಮೇಲೆ ಹತ್ತೊಂಬತ್ತು ವರ್ಷ ಒಬ್ಬರೇ ಕೂತಿದ್ದರು. ಕುರ್ಚಿಯ ಬೆತ್ತ ಎರಡು ಸಲ ಹರಿಯಿತು, ಎರಡು ಸಲ ಹೆಣೆಸಿದರು, ಕೂತವರು ಮಾತ್ರ ಬದಲಾಗಲಿಲ್ಲ. ಕೊರಳಿಗೆ ದಾರದಲ್ಲಿ ಕಟ್ಟಿಕೊಂಡ ಸ್ಟಾಪ್‌ವಾಚು, ತೊಡೆಯ ಮೇಲೆ ಉದ್ದನೆಯ ನೋಟ್‌ಬುಕ್ಕು, ಕೈಯಲ್ಲಿ ಪೆನ್ಸಿಲ್ಲು. ಬಾಗಿಲಲ್ಲಿ ನಿಲ್ಲುವ ಜವಾನನಿಂದ ಹಿಡಿದು ಅಧ್ಯಕ್ಷರ ತನಕ ಎಲ್ಲರೂ ಅವರನ್ನು ಗಡಿಯಾರದಕ್ಕ ಅನ್ನುತ್ತಿದ್ದರು. ನಾನು ಬರೀ ಅಕ್ಕ ಅನ್ನುತ್ತಿದ್ದೆ.

ರಾಜಕೀಯದಲ್ಲಿರುವ ಹೆಂಗಸರ ಬಗ್ಗೆ ಸಂಶೋಧನೆ ಮಾಡುವ ಸಂಸ್ಥೆ ನಮ್ಮದು. ಅಕ್ಕ ಅದರಲ್ಲಿ ಕ್ಷೇತ್ರ ಸಹಾಯಕಿ. ಸಭೆಯಲ್ಲಿ ಯಾವ ಸದಸ್ಯರು ಎಷ್ಟು ಹೊತ್ತು ಮಾತಾಡಿದರು ಎಂದು ಅಳೆದು, ಬರೆದುಕೊಂಡು ಬರುವುದು ಅವರ ಕೆಲಸ. ಅವರು ತಂದ ಹಾಳೆಗಳನ್ನು ಕಂಪ್ಯೂಟರಿಗೆ ಕುಟ್ಟುವುದು ನನ್ನ ಕೆಲಸ. ಸಂಶೋಧನೆ ಅಂದರೆ ದಪ್ಪ ಪುಸ್ತಕಗಳ ನಡುವೆ ಹಣೆ ಉಜ್ಜಿಕೊಂಡು ಯೋಚಿಸುವುದು ಅಂದುಕೊಂಡವರು ನಮ್ಮಿಬ್ಬರ ಕೋಣೆಯನ್ನು ನೋಡಬೇಕಿತ್ತು. ಮೆಟ್ಟಿಲ ಕೆಳಗೆ, ತಲೆ ಬಗ್ಗಿಸಿಕೊಂಡೇ ಒಳಗೆ ಹೋಗಬೇಕಾದ ಜಾಗ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಮೇಲಿನ ಮಹಡಿಯಲ್ಲಿ ವಿಚಾರ ಸಂಕಿರಣ ನಡೆದರೆ ಬುದ್ಧಿವಂತರ ಚಪ್ಪಲಿಗಳ ಸದ್ದೆಲ್ಲ ನಮ್ಮ ತಲೆಯ ಮೇಲೆಯೇ.

ಈ ಅಧ್ಯಯನವನ್ನು ಶುರು ಮಾಡಿದವರು ಮೇಡಂ, ನಮ್ಮ ಪ್ರೊಫೆಸರ್. ಆಗಷ್ಟೇ ಹೊಸ ಕಾನೂನು ಬಂದು, ನಗರಸಭೆಯಲ್ಲಿ ಇಪ್ಪತ್ತು ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟಿದ್ದರು. ಇಪ್ಪತ್ತು ವರ್ಷ ಹೀಗೆ ನಡೆಸಿ ನೋಡೋಣ, ಆಮೇಲೆ ಬೇಕೋ ಬೇಡವೋ ತೀರ್ಮಾನಿಸೋಣ ಎಂಬ ಕರಾರು. ಗೆದ್ದು ಬಂದ ಹೆಂಗಸರಿಗೆ ಮಾತಾಡಲು ಬಿಡುವುದಿಲ್ಲ ಎಂಬುದನ್ನು ಅಂಕಿಯಲ್ಲಿ ತೋರಿಸಬೇಕು ಎಂದು ಮೇಡಂ ಹೊರಟರು. ಅವರ ಉದ್ದೇಶದಲ್ಲಿ ಎಳ್ಳಷ್ಟೂ ಕೊಳಕಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನನಗೆ ಅವರ ಮೇಲೆ ಸಿಟ್ಟು ಬರುವುದಿದೆ.

ಅಕ್ಕನಿಗೆ ಆಗ ಇಪ್ಪತ್ತನಾಲ್ಕು. ಮೊದಲ ತಿಂಗಳಲ್ಲೇ ಒಂದು ತೊಡಕು ಎದುರಾಯಿತು. ಒಬ್ಬರು ಎದ್ದಾಗ ಗುಂಡಿ ಒತ್ತಬೇಕು, ಕೂತಾಗ ಒತ್ತಬೇಕು, ಆಸನದ ಸಂಖ್ಯೆ ಬರೆಯಬೇಕು, ಸೆಕೆಂಡು ಬರೆಯಬೇಕು, ಮುಳ್ಳನ್ನು ಮತ್ತೆ ಸೊನ್ನೆಗೆ ತರಬೇಕು. ಅಷ್ಟರಲ್ಲಿ ಇನ್ನಿಬ್ಬರು ಎದ್ದು ಕೂತಾಗಿರುತ್ತಿತ್ತು. ಸಣ್ಣಪುಟ್ಟದ್ದು ಕೈಗೆ ಸಿಗುತ್ತಿಲ್ಲ ಎಂದು ಅಕ್ಕ ಹೇಳಿದರು. ಎಷ್ಟರ ಮೇಲಿದ್ದರೆ ಸಿಗುತ್ತದೆ ಎಂದು ಮೇಡಂ ಕೇಳಿದರು. ಅಕ್ಕ ಎರಡು ದಿನ ಮನೆಯಲ್ಲಿ ರೇಡಿಯೋ ಹಾಕಿಕೊಂಡು ಅಭ್ಯಾಸ ಮಾಡಿ, ಹತ್ತು ಎಂದರು. ಕೈಪಿಡಿಯಲ್ಲಿ ಒಂದು ನಿಯಮ ಸೇರಿತು: ಹತ್ತು ಸೆಕೆಂಡಿಗಿಂತ ಕಡಿಮೆ ಇದ್ದರೆ ಅದು ಮಾತು ಎಂದು ಲೆಕ್ಕಕ್ಕಿಲ್ಲ. ಮುಂದೆ ವರದಿ ಅಚ್ಚಾದಾಗ ಅದಕ್ಕೊಂದು ಗಂಭೀರ ಕಾರಣವೂ ಹುಟ್ಟಿಕೊಂಡಿತ್ತು. ಹತ್ತು ಸೆಕೆಂಡಿನೊಳಗೆ ಯಾವ ವಿಷಯವನ್ನೂ ಮಂಡಿಸಲು ಸಾಧ್ಯವಿಲ್ಲವಂತೆ. ಅಕ್ಕನ ಬೆರಳಿನ ಮಿತಿ ಕಾಗದಕ್ಕೆ ಏರುವ ಹೊತ್ತಿಗೆ ಸಿದ್ಧಾಂತವಾಗಿತ್ತು.

ಆದರೂ ಯಾರಾದರೂ ಎದ್ದು ನಿಂತರೆ ಏನೂ ಬರೆಯದೆ ಬಿಡಲು ಅಕ್ಕನಿಗೆ ಮನಸ್ಸು ಒಗ್ಗಲಿಲ್ಲ. ಹಾಳೆಯ ಅಂಚಿನಲ್ಲಿ ಆಸನದ ಸಂಖ್ಯೆ, ಪಕ್ಕದಲ್ಲಿ ಒಂದು ಗೀಟು. ಕಿವಿಗೆ ಬಿದ್ದ ಒಂದೆರಡು ಪದ ಬರೆಯುವುದೂ ಇತ್ತು. ಆ ಅಂಚನ್ನು ನಾನು ಕುಟ್ಟುತ್ತಿರಲಿಲ್ಲ. ಕೈಪಿಡಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಮೂರನೇ ಅವಧಿಯಲ್ಲಿ ಗೆದ್ದು ಬಂದವರಲ್ಲಿ ಒಬ್ಬ ಟೈಲರಮ್ಮ ಇದ್ದರು. ಗಂಡ ತೀರಿಕೊಂಡ ಮೇಲೆ ಹೊಲಿಗೆ ಮೆಷಿನ್ನು ತುಳಿದು ಇಬ್ಬರು ಮಕ್ಕಳನ್ನು ದಡ ಸೇರಿಸಿದ ಹೆಂಗಸು. ಅವರ ವಾರ್ಡಿನಲ್ಲಿ ಒಂದು ಹೆರಿಗೆ ಆಸ್ಪತ್ರೆ. ಹೆರಿಗೆ ಕೋಣೆ ಎರಡನೇ ಮಹಡಿಯಲ್ಲಿ, ನೀರು ಮಾತ್ರ ಕೆಳಗಿನ ನಲ್ಲಿಯಲ್ಲಿ. ಬಾಣಂತಿಯ ಜೊತೆ ಬಂದ ತಾಯಿಯೋ ಅತ್ತೆಯೋ ನಾದಿನಿಯೋ ಬಕೆಟ್ಟಿನಲ್ಲಿ ನೀರು ಹೊತ್ತು ಮೂವತ್ತೆಂಟು ಮೆಟ್ಟಿಲು ಹತ್ತಬೇಕು. ಒಂದು ಪಂಪು ಹಾಕಿಸಿ ಎನ್ನುವುದಷ್ಟೇ ಅವರ ಬೇಡಿಕೆ. "ಅಧ್ಯಕ್ಷರೇ, ನಮ್ಮ ವಾರ್ಡಿನ ಹೆರಿಗೆ ಆಸ್ಪತ್ರೆಯಲ್ಲಿ" ಅನ್ನುವಷ್ಟರಲ್ಲಿ ಅಧ್ಯಕ್ಷರ ಬೆರಳು ಮೇಜಿನ ಗುಂಡಿಯ ಮೇಲೆ ಬೀಳುತ್ತಿತ್ತು. ಮೈಕಿನ ಕೆಂಪು ದೀಪ ಆರುತ್ತಿತ್ತು. ಲಿಖಿತವಾಗಿ ಕೊಡಿ ಅನ್ನುತ್ತಿದ್ದರು. ಲಿಖಿತವಾಗಿ ಕೊಟ್ಟದ್ದು ಎಲ್ಲಿ ಹೋಗುತ್ತದೆ ಎಂದು ಆ ಕಟ್ಟಡದ ಇಲಿಗಳನ್ನು ಕೇಳಬೇಕು.

ಆ ಅವಧಿ ಮುಗಿಯುವ ಮೊದಲೇ ಮೇಡಂ ದೊಡ್ಡ ವರದಿ ತಂದರು. ಇಪ್ಪತ್ತು ಮಹಿಳಾ ಸದಸ್ಯರಲ್ಲಿ ಹನ್ನೊಂದು ಮಂದಿ ಒಂದು ಸಲವೂ ಮಾತಾಡಿಲ್ಲ ಎಂಬುದು ಅದರ ಮುಖ್ಯ ಸಂಗತಿ. ವ್ಯವಸ್ಥೆ ಇವರನ್ನು ಹೀಗೆ ಮೂಕರನ್ನಾಗಿಸಿದೆ ನೋಡಿ ಎಂದು ಮೇಡಂ ಬರೆದಿದ್ದರು. ಹೆಸರು ಹಾಕಬಾರದು ಎಂಬ ನಿಯಮ ಪಾಲಿಸಿ, ಬರೀ ವಾರ್ಡಿನ ನಂಬರು ಹಾಕಿದ್ದರು. ವಾರ್ಡಿನ ನಂಬರು ಕೊಟ್ಟ ಮೇಲೆ ಹೆಸರು ಮುಚ್ಚಿಟ್ಟು ಏನು ಬಂತು? ಸೆರಗಿನಲ್ಲಿ ಕೆಂಡ ಕಟ್ಟಿಕೊಂಡ ಹಾಗಾಯಿತು. ವಾರದೊಳಗೆ ಪತ್ರಿಕೆಯೊಂದು ಹನ್ನೊಂದು ಜನರ ಫೋಟೋ ಸಾಲಾಗಿ ಅಚ್ಚು ಹಾಕಿ, ಪ್ರತಿಯೊಬ್ಬರ ಕೆಳಗೂ ಒಂದು ದೊಡ್ಡ ಸೊನ್ನೆ ಬರೆಯಿತು. ಮೂರನೇ ಫೋಟೋ ಟೈಲರಮ್ಮನದು. ಮಾತು ಬೆಳ್ಳಿ, ಮೌನ ಬಂಗಾರ, ನಮ್ಮ ಸಭೆಯಲ್ಲಿ ಹನ್ನೊಂದು ಚಿನ್ನದ ಗಟ್ಟಿಗಳಿವೆ ಎಂದು ಗಂಡಸು ಸದಸ್ಯರೊಬ್ಬರು ಹಾಸ್ಯ ಮಾಡಿದರು. ಆ ಹಾಸ್ಯಕ್ಕೆ ಹದಿನಾಲ್ಕು ಸೆಕೆಂಡು ಹಿಡಿದಿತ್ತು. ಅದು ಲೆಕ್ಕಕ್ಕೆ ಬಂತು, ನಾನೇ ಕುಟ್ಟಿದೆ.

ಫೋಟೋ ನೋಡಿದ ದಿನ ಅಕ್ಕ ಊಟದ ಡಬ್ಬಿ ತೆರೆಯಲಿಲ್ಲ. ಈಯಮ್ಮ ಏಳುತ್ತಿದ್ದರಲ್ಲ ಎಂದು ಒಮ್ಮೆ ಅಂದರು. ನಿಯಮದ ಪ್ರಕಾರ ಸೊನ್ನೆಯೇ ಅಲ್ಲವೇ ಅಕ್ಕ ಎಂದು ನಾನಂದೆ. ಹೌದು ಅಂದರು. ನಾನು ಮುಂದಿನ ಹಾಳೆ ಕೈಗೆ ತೆಗೆದುಕೊಂಡೆ. ಮುಂದಿನ ಚುನಾವಣೆಯಲ್ಲಿ ಟೈಲರಮ್ಮ ಠೇವಣಿ ಉಳಿಸಿಕೊಳ್ಳಲಿಲ್ಲ. ಅದಾದ ಆರು ತಿಂಗಳಿಗೆ ಪಕ್ಕದ ವಾರ್ಡಿನ ಗಂಡಸು ಸದಸ್ಯರೊಬ್ಬರು ಅದೇ ಆಸ್ಪತ್ರೆಗೆ ಅದೇ ಪಂಪು ಕೇಳಿದರು. ನಾಲ್ಕು ನಿಮಿಷ ಹತ್ತು ಸೆಕೆಂಡು ಮಾತಾಡಿದರು, ಅದೇ ಸಭೆಯಲ್ಲಿ ಮಂಜೂರಾಯಿತು. ನಮ್ಮ ಕೈಪಿಡಿಯಲ್ಲಿ ಅದಕ್ಕೆ ಪರಿಣಾಮಕಾರಿ ಮಾತು ಎಂಬ ಬೇರೆ ಕಾಲಂ ಇತ್ತು.

ಇಪ್ಪತ್ತನೇ ವರ್ಷ ಹತ್ತಿರ ಬಂತು. ಮೀಸಲು ಸ್ಥಾನಗಳನ್ನು ಮುಂದುವರಿಸಬೇಕೋ ಕೈಬಿಡಬೇಕೋ ಎಂದು ಹೇಳಲು ಐದು ಜನರ ಪರಿಶೀಲನಾ ಸಮಿತಿ ಕೂತಿತು. ಅದು ಮೊದಲು ತರಿಸಿಕೊಂಡದ್ದೇ ಮೇಡಂ ವರದಿಯನ್ನು. ಮಾತೇ ಆಡದವರಿಗೆ ಸ್ಥಾನ ಯಾಕೆ ಎಂಬ ಪ್ರಶ್ನೆ ಸಮಿತಿಯ ಮೊದಲ ಕರಡಿನಲ್ಲೇ ಬಂತು. ಹೆಂಗಸರ ಪರವಾಗಿ ಹತ್ತೊಂಬತ್ತು ವರ್ಷ ಕಟ್ಟಿದ ಪುರಾವೆ ಹೆಂಗಸರ ಎದುರೇ ಸಾಕ್ಷಿ ಹೇಳಲು ನಿಂತಿತ್ತು. ಮೇಡಂ ಮೂರು ಲೇಖನ ಬರೆದರು, ಅಂಕಿಯನ್ನು ತಪ್ಪಾಗಿ ಓದುತ್ತಿದ್ದಾರೆ ಎಂದು. ತಪ್ಪಾಗಿ ಓದಿದವರು ಯಾರೂ ಆ ಲೇಖನ ಓದಲಿಲ್ಲ.

ಅಕ್ಕನ ಯಜಮಾನರು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವರು. ಮಾತು ಕಡಿಮೆ, ತಮಾಷೆ ಜಾಸ್ತಿ. ನನ್ನ ಹೆಂಡತಿಯ ಎದುರು ಒಂಬತ್ತು ಸೆಕೆಂಡಿನೊಳಗೆ ಮುಗಿಸಿದರೆ ದಾಖಲೆ ಇರಲ್ಲ, ಬೈಗುಳವೂ ಇರಲ್ಲ ಎನ್ನುತ್ತಿದ್ದರಂತೆ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಕ್ಕ ಅವರ ಬಳಿ ಈ ಸಮಿತಿಯ ವಿಷಯ ತೆಗೆದರು. ಅವರು ಕೇಳಿಸಿಕೊಂಡು, ತಮ್ಮ ಕೆಲಸದ ಒಂದು ಮಾತು ಹೇಳಿದರು. ಅಕ್ಕ ಅದನ್ನು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ, ಅವರ ಮನೆಯ ಊಟದ ಮೇಜಿನ ಪಕ್ಕ ನಾನೇ ನಿಂತಿದ್ದೆನೇನೋ ಅನ್ನಿಸುತ್ತದೆ.

"ನಾವು ರಿಪೋರ್ಟಲ್ಲಿ 'ಇಲ್ಲ' ಅಂತ ಬರೆಯಲ್ಲ ಕಣೇ. 'ಕಂಡುಬಂದಿಲ್ಲ' ಅಂತ ಬರೀತೀವಿ. ನಮ್ಮ ಮೆಷಿನ್‌ಗೆ ಕಾಣಿಸದೆ ಇದ್ದಿದ್ದು ರಕ್ತದಲ್ಲೂ ಇಲ್ಲ ಅಂತ ಹೇಳೋಕೆ ನಾವ್ಯಾರು?"

ಅಕ್ಕ ಕೈ ತೊಳೆದು ನೇರವಾಗಿ ಆಫೀಸಿಗೆ ಬಂದರು. ಅದು ರಜಾದಿನ. ನನಗೆ ಫೋನ್ ಮಾಡಿ ಕರೆಸಿಕೊಂಡರು. ಬೀರುವಿನಿಂದ ಹತ್ತೊಂಬತ್ತು ವರ್ಷದ ನೋಟ್‌ಬುಕ್ಕುಗಳನ್ನು ಇಳಿಸಿ ನೆಲದ ಮೇಲೆ ಸಾಲಾಗಿ ಜೋಡಿಸಿದ್ದರು. ಬಾಗಿಲು ತೆರೆಯಲು ಜಾಗವಿರಲಿಲ್ಲ, ನಾನು ಓರೆಯಾಗಿ ನುಸುಳಿದೆ.

"ಇವರು ಸುಮ್ಮನೆ ಕೂತಿರಲಿಲ್ಲ. ನಾನು ಇವರನ್ನ ಎಣಿಸಲಿಲ್ಲ," ಅಂದರು.

ಅಂಚಿನ ಗೀಟುಗಳನ್ನು ಎಣಿಸಲು ಕೂತೆವು. ಸಮಿತಿಯ ಅಂತಿಮ ವರದಿಗೆ ಐದು ತಿಂಗಳಿತ್ತು. ಅಷ್ಟರೊಳಗೆ ಸರಿಯಾದ ಲೆಕ್ಕ ಅವರ ಕೈ ಸೇರಿದರೆ ಸ್ಥಾನಗಳು ಉಳಿಯಬಹುದು ಎಂಬ ಒಂದೇ ಆಸೆ ಅಕ್ಕನಿಗೆ. ಪೆನ್ಸಿಲ್ಲಿನ ಗೀಟು, ಕೆಲವು ಮಾಸಿಹೋಗಿದ್ದವು. ಅಕ್ಕ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದು, ಸೀಸದ ಹೊಳಪು ನೋಡಿ, ಆಸನದ ಸಂಖ್ಯೆ ಹೇಳುತ್ತಿದ್ದರು. ನಾನು ಕುಟ್ಟುತ್ತಿದ್ದೆ. ಪಕ್ಕದಲ್ಲಿ ಬರೆದಿದ್ದ ಪದಗಳನ್ನೂ ಓದುತ್ತಿದ್ದರು: ಬೀದಿ ದೀಪ. ಅಂಗನವಾಡಿ ಬೀಗ. ಚರಂಡಿ, ಮಗು. ಹೆರಿಗೆ, ನೀರು. ಹೆರಿಗೆ, ನೀರು. ಹೆರಿಗೆ, ನೀ. ಕೊನೆಯದರಲ್ಲಿ ಅಕ್ಕನ ಕೈಯೂ ಅರ್ಧಕ್ಕೇ ನಿಂತಿತ್ತು. ಹನ್ನೆರಡು ವರ್ಷ ನಾನು ಈ ಮಾತುಗಳ ಪಕ್ಕದಲ್ಲೇ ಸೊನ್ನೆ ಕುಟ್ಟಿಕೊಂಡು ಬಂದಿದ್ದೆ. ಕಣ್ಣಿಗೆ ಬೀಳಲಿಲ್ಲ ಎಂದರೆ ಸುಳ್ಳಾದೀತು. ಬಿದ್ದಿತ್ತು, ನನ್ನ ಕೆಲಸವಲ್ಲ ಅಂದುಕೊಂಡಿದ್ದೆ.

ಲೆಕ್ಕ ಮುಗಿದಾಗ ಹೆಂಗಸರ ಗೀಟುಗಳು ನಾಲ್ಕು ಸಾವಿರದ ಇನ್ನೂರ ಹದಿನೇಳು. ಸಭೆಯಲ್ಲಿ ಎರಡು ಪಾಲು ಇರುವ ಗಂಡಸರದು ಆರುನೂರ ಮೂವತ್ತು. ಟೈಲರಮ್ಮ ಒಬ್ಬರೇ ಐದು ವರ್ಷದಲ್ಲಿ ನಲವತ್ತೊಂದು ಸಲ ಎದ್ದಿದ್ದರು. ಆ ಅವಧಿಯ ಇಪ್ಪತ್ತು ಹೆಂಗಸರಲ್ಲಿ ಒಂದು ಸಲವೂ ಏಳದವರು ಒಬ್ಬರೇ, ಅವರು ಗೆದ್ದ ವರ್ಷವೇ ಪಾರ್ಶ್ವವಾಯುವಾಗಿ ಮಲಗಿದವರು.

ಮೇಡಂ ಮುಂದೆ ಹಾಳೆಗಳನ್ನಿಟ್ಟಾಗ ಅವರು ಕೊನೆಯ ಹಾಳೆಯ ತನಕ ಓದಿ ಕನ್ನಡಕ ತೆಗೆದರು. ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು ಶುರು ಮಾಡಿದರು. ಇದು ತಪ್ಪಲ್ಲ, ವ್ಯಾಖ್ಯೆ. ಹತ್ತು ಸೆಕೆಂಡಿನ ನಿಯಮ ನಲವತ್ತೇಳನೇ ಪುಟದ ಅಡಿಟಿಪ್ಪಣಿಯಲ್ಲಿ ಇದೆಯಲ್ಲ. ಈಗ ನಾವೇ ಲೆಕ್ಕ ಸರಿಯಿಲ್ಲ ಅಂದರೆ ಇಡೀ ಅಧ್ಯಯನವನ್ನೇ ಕಸದ ಬುಟ್ಟಿಗೆ ಹಾಕುತ್ತಾರೆ, ಇನ್ನು ಯಾರೂ ನಮ್ಮನ್ನು ನಂಬುವುದಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂದರೆ ಹೇಗೆ?

ಅಕ್ಕ ಮಾತ್ರ ಸಿಟ್ಟಾಗಲಿಲ್ಲ. "ಆ ಹತ್ತು ಅನ್ನೋದು ನಾನು ಹೇಳಿದ್ದು ಮೇಡಂ. ನನ್ನ ಕೈಗೆ ಅಷ್ಟೇ ಆಗ್ತಿತ್ತು. ಇದರಲ್ಲಿ ನಿಮ್ಮ ಹೆಸರು ಬೇಡ, ನನ್ನ ಹೆಸರಲ್ಲೇ ಪತ್ರ ಬರೀತೀನಿ. ಕಳಿಸೋಕೆ ಬಿಡಿ," ಅಂದರು.

ಮೇಡಂ ಕಣ್ಣು ಒದ್ದೆಯಾಯಿತು. ಒಂಟಿಯಾಗಿ ಹೋದ ಪತ್ರವನ್ನು ಯಾರೂ ಓದುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಕೊನೆಗೆ ಸಂಸ್ಥೆಯ ಮೊಹರು ಹಾಕಿ ತಾವೇ ಸಹಿ ಮಾಡಿದರು, ಕೆಳಗೆ ಅಕ್ಕನ ಸಹಿಯನ್ನೂ ಹಾಕಿಸಿದರು. ಆ ಸಂಸ್ಥೆಯಿಂದ ಹೊರಟ ಕಾಗದದ ಮೇಲೆ ಅಕ್ಕನ ಸಹಿ ಬಿದ್ದದ್ದು ಅದೇ ಮೊದಲು. ಗಡುವಿಗೆ ಇನ್ನೂ ಒಂಬತ್ತು ದಿನ ಇತ್ತು. ಅಕ್ಕ ಲಕೋಟೆಯನ್ನು ತಾವೇ ಒಯ್ದು ಸಮಿತಿಯ ಗುಮಾಸ್ತರ ಕೈಗೆ ಕೊಟ್ಟು, ತಲುಪಿದ ಮೊಹರು ಹಾಕಿಸಿಕೊಂಡು ಬಂದರು. ಜೊತೆಗೆ ನಾನೂ ಹೋಗಿದ್ದೆ, ಬರುವಾಗ ದಾರಿಯಲ್ಲಿ ಕಬ್ಬಿನ ಹಾಲು ಕುಡಿದೆವು. ಅಕ್ಕ ಎರಡನೇ ಲೋಟ ಕೇಳಿದರು. ಆ ದಿನ ನಮ್ಮಿಬ್ಬರಿಗೂ ನಾವು ಗೆದ್ದೆವು ಅನ್ನಿಸಿತ್ತು, ನಮ್ಮಂಥ ಪೆದ್ದರು ಯಾರು.

ಅಂತಿಮ ವರದಿ ಬಂದಾಗ ನಾನೇ ಮುದ್ರಿಸಿ ಕೊಟ್ಟೆ. ಅಕ್ಕ ಕೂರದೆ, ಪ್ರಿಂಟರಿನ ಪಕ್ಕ ನಿಂತೇ ಓದಿದರು. ನಮ್ಮ ಪತ್ರವನ್ನು ಅವರು ಕಡೆಗಣಿಸಿರಲಿಲ್ಲ. ಕಡೆಗಣಿಸಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಸಂಸ್ಥೆಯ ಪ್ರಾಮಾಣಿಕತೆಯನ್ನು ಮೆಚ್ಚಿ ಒಂದು ವಾಕ್ಯ, ಆಮೇಲೆ ಹೀಗೆ: "ಪರಿಷ್ಕೃತ ಅಂಕಿಅಂಶಗಳ ಪ್ರಕಾರ ಮಹಿಳಾ ಸದಸ್ಯರು ನಾಲ್ಕು ಸಾವಿರದ ಇನ್ನೂರ ಹದಿನೇಳು ಬಾರಿ ವಿಷಯ ಪ್ರಸ್ತಾಪಿಸಲು ಯತ್ನಿಸಿದ್ದು, ಅವುಗಳಲ್ಲಿ ಒಂದೂ ನಿರ್ಣಯವಾಗಿಲ್ಲ. ಆದ್ದರಿಂದ ಮೀಸಲು ಸ್ಥಾನಗಳಿಂದ ನಿರೀಕ್ಷಿತ ಪ್ರಯೋಜನವಾಗಿಲ್ಲ ಎಂಬ ಸಮಿತಿಯ ಅಭಿಪ್ರಾಯ ಇನ್ನಷ್ಟು ದೃಢಪಟ್ಟಿದೆ."

ಮಾತಾಡಲಿಲ್ಲ, ಅದಕ್ಕೆ ಸ್ಥಾನ ಬೇಡ. ಮಾತಾಡಿದರು, ಯಾರೂ ಕೇಳಲಿಲ್ಲ, ಅದಕ್ಕೂ ಸ್ಥಾನ ಬೇಡ. ಇಂಥವರ ಮುಂದೆ ಯಾವ ಲೆಕ್ಕ ಇಟ್ಟರೇನು? ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅಕ್ಕ ಹಾಳೆಗಳನ್ನು ಅಂಚು ಸರಿಮಾಡಿ ಮೇಜಿನ ಮೇಲಿಟ್ಟರು. ಮುಂದಿನ ತಿಂಗಳು ಮೀಸಲು ಸ್ಥಾನಗಳು ರದ್ದಾದವು. ನಗರಸಭೆಯ ಚರ್ಚೆಯಲ್ಲಿ ಅವುಗಳ ಪರವಾಗಿ ಮಾತಾಡಲು ಎದ್ದ ಹೆಂಗಸರು ಎಷ್ಟು, ಎಷ್ಟು ಸೆಕೆಂಡು ಎಂಬುದು ಆ ಸಲ ದಾಖಲಾಗಲಿಲ್ಲ. ಸ್ಟಾಪ್‌ವಾಚು ಅಕ್ಕನ ಮಡಿಲಲ್ಲಿತ್ತು, ಗುಂಡಿ ಒತ್ತಲಿಲ್ಲ.

ಅದಾದ ಮೇಲೆ ಒಂದು ಬೆಳಿಗ್ಗೆ ಅಕ್ಕ ಮೂರನೇ ಅವಧಿಯ ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡು, ಟೈಲರಮ್ಮನ ಹತ್ತಿರ ಹೋಗೋಣ ಅಂದರು. ಈಗ ಹೋಗಿ ಏನು ಮಾಡುವುದು, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ ಎಂದು ನಾನಂದೆ. ಕ್ಷಮೆ ಕೇಳಬೇಕು, ಅಷ್ಟೇ ಅಂದರು.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಒಂದು ಮೆಷಿನ್ನು, ಗೋಡೆಯ ಮೊಳೆಗಳಿಗೆ ಅಳತೆಯ ಟೇಪು ಮತ್ತು ಕತ್ತರಿ, ಮೂಲೆಯಲ್ಲಿ ಹೊಲಿಯಲು ಬಂದ ದಿಂಬಿನ ಚೀಲಗಳ ರಾಶಿ. ಟೈಲರಮ್ಮನಿಗೆ ಕೂದಲು ಪೂರ್ತಿ ನರೆತಿತ್ತು. ಬಟ್ಟೆ ಕೊಡಲು ಬಂದವರು ಅಂದುಕೊಂಡು ಸ್ಟೂಲು ಸರಿಸಿದರು. ಅಕ್ಕ ತಾವು ಯಾರೆಂದು ಹೇಳದೆ, ನೋಟ್‌ಬುಕ್ಕು ತೆರೆದು ಮೆಷಿನ್ನಿನ ಹಲಗೆಯ ಮೇಲಿಟ್ಟರು. ಆಸನ ಹದಿನಾರು, ಇದು ನೀವು, ಇದು ತಾರೀಕು, ಈ ಗೀಟು ನೀವು ಎದ್ದದ್ದು. ಒಟ್ಟು ನಲವತ್ತೊಂದು. ಪೇಪರಿನಲ್ಲಿ ಬಂದದ್ದು ಸುಳ್ಳು, ಆ ಸುಳ್ಳು ನಮ್ಮಿಂದಲೇ ಹೋದದ್ದು. ಇಷ್ಟನ್ನು ಅಕ್ಕ ತಲೆ ಎತ್ತದೆ ಹೇಳಿದರು.

ಟೈಲರಮ್ಮ ಕನ್ನಡಕವನ್ನು ಮೂಗಿನ ಮೇಲೆ ಸರಿಸಿಕೊಂಡು ಒಂದೊಂದೇ ಹಾಳೆ ತಿರುವಿದರು. ಅಂಚಿನ ಗೀಟುಗಳ ಮೇಲೆ ಬೆರಳಿಟ್ಟು ತಾವೇ ಎಣಿಸಲು ಹೋಗಿ, ಮಧ್ಯದಲ್ಲೇ ಬಿಟ್ಟರು.

"ಆ ಪೇಪರನ್ನ ನನ್ನ ಮೈದುನ ಕತ್ತರಿಸಿ ಈ ಬಾಗಿಲಿಗೆ ಅಂಟಿಸಿದ್ದ. ಬಟ್ಟೆ ಕೊಡೋಕೆ ಬಂದೋರೆಲ್ಲ ಓದೋರು. ನಾನು ಎದ್ದಿದ್ದೆ ಕಣ್ರೋ, ಎಷ್ಟೋ ಸಲ ಎದ್ದಿದ್ದೆ ಅಂತ ಹೇಳಿದ್ರೆ ನಗೋರು. ಓದಿದೋರು ಅಳತೆ ಮಾಡಿ ಬರೆದಿದ್ದಾರೆ, ನೀನು ಸುಳ್ಳು ಹೇಳ್ತೀಯಾ ಅನ್ನೋರು. ಹೋಗ್ತಾ ಹೋಗ್ತಾ ನಾನೂ ನಂಬಿಬಿಟ್ಟೆ. ಎದ್ದಿರಲಿಲ್ಲವೇನೋ, ಏಳ್ಬೇಕು ಅಂತ ಕೂತಲ್ಲೇ ಅಂದ್ಕೊಂಡಿದ್ದೆನೇನೋ ಅಂತ."

ಆಮೇಲೆ ತಲೆ ಎತ್ತಿ ಅಕ್ಕನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು.

"ಮೇಲೆ ಆ ಮೂಲೆ ಕುರ್ಚೀಲಿ ಬರ್ಕೋತಾ ಕೂತಿರ್ತಿದ್ದೋರು ನೀವೇ ಅಲ್ವಾ?"

ಅಕ್ಕ ಹೌದೆಂದು ತಲೆಯಾಡಿಸಿದರು.

"ನಿಮ್ಮನ್ನ ನೋಡ್ಕೊಂಡೇ ನಾನು ಏಳ್ತಿದ್ದೆ ಕಣಮ್ಮಾ. ಮೊದಮೊದಲು ಎರಡು ಸಲ ಮೈಕ್ ಆರಿಸಿದಾಗ ಇನ್ನು ಏಳೋದೇ ಬೇಡ ಅನ್ನಿಸಿತ್ತು. ಆಮೇಲೆ ನೀವು ಕಂಡ್ರಿ. ಇವರು ಆರಿಸಿಕೊಂಡರೆ ಆರಿಸಿಕೊಳ್ಳಲಿ, ಆಯಮ್ಮ ಬರ್ಕೋತಾ ಇದ್ದಾಳಲ್ಲ, ಎಲ್ಲೋ ಒಂದು ಕಡೆ ಲೆಕ್ಕಕ್ಕೆ ಇರುತ್ತೆ ಅಂತ ಧೈರ್ಯ ಬರ್ತಿತ್ತು."

ಅಕ್ಕ ಇದನ್ನು ನಿರೀಕ್ಷಿಸಿರಲಿಲ್ಲ. ಬೈದಿದ್ದರೆ, ಹೊರಗೆ ಹೋಗಿ ಅಂದಿದ್ದರೆ ತಡೆದುಕೊಳ್ಳುತ್ತಿದ್ದರು, ಅದಕ್ಕೆ ಸಿದ್ಧರಾಗಿಯೇ ಬಂದಿದ್ದರು.

"ಬರ್ಕೊಂಡೆ, ಆದ್ರೆ ಲೆಕ್ಕಕ್ಕೆ ಹಾಕಲಿಲ್ಲ," ಅಂದರು.

ಹೊರಗೆ ಯಾರೋ ರವಿಕೆ ಅಳತೆ ಕೊಡಲು ಬಂದು ನಿಂತಿದ್ದರು. ಟೈಲರಮ್ಮ ನೋಟ್‌ಬುಕ್ಕು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ಅಕ್ಕನಿಗೆ ವಾಪಸ್ ಕೊಟ್ಟು, ಮೊಳೆಯಿಂದ ಟೇಪು ತೆಗೆದುಕೊಂಡು ಬಾಗಿಲ ಕಡೆ ಹೋದರು.